ಮೈಕಿಗಿಂತ ಮೊದಲು ಮನೆ ಮಾಡು ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹುಡುಗರಿಗೆ ಈಗ ಪಾಡ್‌ಕಾಸ್ಟ್ ಮರುಳು. ಮರುಳು ಕೆಟ್ಟದ್ದೇನಲ್ಲ. ತಾಳಮದ್ದಳೆಯ ಸೀಮೆ ಇದು. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮತ್ತು ಮಾತು ಅಷ್ಟೇ. ಕಿವಿಗೆಂದೇ ಹುಟ್ಟಿದ ಕಲೆ. ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ಹೋದರು, ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ. ಅವರ ದನಿ ಇವತ್ತಿಗೂ ಕೇಳುತ್ತದೆ ಅಂದರೆ ಯಾರೋ ಹಿಡಿದಿಟ್ಟಿದ್ದಕ್ಕೆ. ಊರೂರಲ್ಲಿ ಇನ್ನೂ ಉಳಿದಿರುವ ಹಿರಿಯ ಅರ್ಥಧಾರಿಗಳದ್ದನ್ನು ಯಾರು ಹಿಡಿಯಬೇಕು ಮಾರಾಯ್ರೆ?

“ಯಾವ ಮೈಕು ತರಲಿ?” ಅಂತ ಕೇಳಿದವರಿಗೆ ನನ್ನದು ಮರುಪ್ರಶ್ನೆ: ನಿಮ್ಮ ಮನೆ ಮಾಡು ಯಾವುದು? ತಗಡಾದರೆ ಆಷಾಢದಲ್ಲಿ ಎಷ್ಟು ದುಡ್ಡಿನ ಮೈಕು ತಂದರೂ ಮಳೆಯದ್ದೇ ಅರ್ಥಗಾರಿಕೆ. ಹೆಚ್ಚು ರೇಟಿನ ಕಂಡೆನ್ಸರ್ ಮೈಕು ಸ್ಟುಡಿಯೋಕ್ಕೆ ಸೈ. ಅದರ ಕಿವಿ ಬಲು ಸೂಕ್ಷ್ಮ. ಜೀರುಂಡೆ, ಕೊಟ್ಟಿಗೆಯ ಗಂಟೆ, ಒಳಗಿನ ಮಿಕ್ಸರ್, ಎಲ್ಲವನ್ನೂ ಎಳೆದು ತರುತ್ತದೆ. ಮೇಲಿಂದ ಅಂಥ ಹೆಚ್ಚಿನ ಮೈಕುಗಳಿಗೆ 48 ವೋಲ್ಟ್ ಬೇರೆ ಉಣಿಸಬೇಕು. ನಮ್ಮ ಜಗಲಿಗೆ ಡೈನಾಮಿಕ್ ಮೈಕೇ ಲಾಯಕ್ಕು. ಬಾಯಿಂದ ಒಂದು ಗೇಣು ದೂರ ಹಿಡಿದರೆ ಎದುರಿನ ಮಾತು ಕೇಳುತ್ತದೆ, ಊರ ಗಲಾಟೆ ಹಿಂದೆ ಸರಿಯುತ್ತದೆ. ಕಾಲರ್ ಮೈಕು ಅಗ್ಗ, ನಿಜ. ಆದರೆ ಅರ್ಥಧಾರಿ ರಂಗೇರಿ ಶಾಲು ಕೊಡವಿದರೆ ಕೌರವನ ಮಾತಿನ ನಡುವೆ ಬರೀ ಬರಬರ.

ಚಂಡೆ ಇದ್ದಲ್ಲಿ ಇನ್ನೊಂದು ಪಂಚಾತಿಕೆ. ಭಾಗವತರ ದನಿಗೆ ಮಟ್ಟ ಹೊಂದಿಸಿ ಕೂತರೆ ಮೊದಲ ಪೆಟ್ಟಿಗೇ ದನಿ ಒಡೆಯುತ್ತದೆ. ಒಡೆದದ್ದನ್ನು ಆಮೇಲೆ ಯಾವ ಕಂಪ್ಯೂಟರೂ ಪೂರ್ತಿ ಸರಿಮಾಡಲಾರದು. ಚಂಡೆ ಜೋರಾಗಿ ಬಾರಿಸಿ ಅಂತ ಮೊದಲೇ ಹೇಳಿ, ಅದಕ್ಕೆ ಮಟ್ಟ ಇಳಿಸಿಕೊಳ್ಳಿ. ಸಣ್ಣ ದನಿಯನ್ನು ಆಮೇಲೆ ಏರಿಸಲಿಕ್ಕಾಗುತ್ತದೆ.

ಎಂಪಿ3ಯಲ್ಲಿ ಹಿಡಿಯಬೇಡಿ, ಕೇಳಿಸುವಾಗ ಅದು ಸಾಕು. ಮೂಲವನ್ನು ವೇವ್ ಫೈಲಿನಲ್ಲೇ ಇಡಿ. ತಾಸಿಗೆ ಸುಮಾರು 700 ಎಂಬಿ. 32 ಜಿಬಿಯ ಕಾರ್ಡಿನಲ್ಲಿ ರಾತ್ರಿಯಿಡೀ ನಡೆಯುವ ನಾಲ್ಕು ಪ್ರಸಂಗ ಹಿಡಿದರೂ ಜಾಗ ಉಳಿಯುತ್ತದೆ. ಕರೆಂಟಿನ ಮಾತು ಎತ್ತುವುದೇ ಬೇಡ, ಸೆಲ್ಲಿನ ಮೇಲೆ ಓಡುವ ಪುಟ್ಟ ರೆಕಾರ್ಡರ್ ಒಂದು ಚೀಲದಲ್ಲಿರಲಿ.

ನಮ್ಮನೆ ಅಟ್ಟದಲ್ಲಿ ಎಂಬತ್ತರ ದಶಕದ ಹನ್ನೊಂದು ಕ್ಯಾಸೆಟ್ಟುಗಳಿದ್ದವು. ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದು ಎಂಟು ಹೋದವು. ಉಳಿದ ಮೂರರಲ್ಲಿ ಅಜ್ಜನ ಕೆಮ್ಮು ಸ್ಪಷ್ಟ ಕೇಳುತ್ತದೆ, ಅರ್ಥ ಅರ್ಧಂಬರ್ಧ. ಮೈಕು ಚಂಡೆಯ ಪಕ್ಕ ಇಟ್ಟಿದ್ದರಂತೆ.