ಗಗನಮಾರ್ಗದ ಗಣಿತ



ಭದ್ರಾವತಿಯ ಜನ್ನಾಪುರದವರಾದ ನಾವು ಬೆಂಗಳೂರಿಗೆ ಹೊರಡುವಾಗ ದಾರಿ ಎಷ್ಟು ದೂರವೆಂದು ವಿಚಾರಿಸುವುದು ಅಪೂರ್ವ. ಎಷ್ಟು ಹೊತ್ತು ಹಿಡಿಯುವುದೆಂದೇ ಕೇಳುತ್ತೇವೆ. 1899ರಲ್ಲಿ ಬೀರೂರು–ಶಿವಮೊಗ್ಗ ರೈಲುಮಾರ್ಗವು ತೆರೆದಾಗಿನಿಂದ ಈ ಪ್ರಶ್ನೆಗೆ ರೈಲ್ವೆಯ ವೇಳಾಪಟ್ಟಿಯು ಉತ್ತರ ಹೇಳುತ್ತ ಬಂದಿದೆ. 2023ನೆಯ ಇಸವಿ ಫೆಬ್ರವರಿ 27ರಂದು ನೆರೆಯ ಸೋಗಾನೆಯಲ್ಲಿ ವಿಮಾನನಿಲ್ದಾಣವು ಉದ್ಘಾಟನೆಗೊಂಡು, ಆಗಸ್ಟ್ 31ರಂದು ಬೆಂಗಳೂರಿನ ಮೊದಲ ವಿಮಾನವು ಬಂದಿಳಿದ ಮೇಲೆ, ಎರಡನೆಯ ಉತ್ತರವೂ ದೊರೆತಂತಾಯಿತು. ಅದನ್ನು ತೂಗಿ ನೋಡುವುದು ಅವಶ್ಯ.

ಸೋಗಾನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್. ಈ ಮಾರ್ಗದಲ್ಲಿ ಮೊದಲು ಬಂದ ಬಗೆಯ, ರೆಕ್ಕೆಗಳಲ್ಲಿ ತಿರುಗುವ ಪಂಖಗಳುಳ್ಳ ವಿಮಾನವು ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಹಾರಬಲ್ಲುದು. ಭಾಗಿಸಿದರೆ 29 ನಿಮಿಷ ಬರುತ್ತದೆ. ಆದರೂ ವೇಳಾಪಟ್ಟಿಯು ಒಂದು ಗಂಟೆಯಷ್ಟನ್ನು ಕೇಳುತ್ತದೆ. ಏಕೆಂದರೆ ನೆಲದ ಮೇಲೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇವುಗಳ ಕಾಲವು ದೂರ ಕಡಿಮೆಯಾದಾಗ ಅದಕ್ಕನುಗುಣವಾಗಿ ಕಡಿಮೆಯಾಗುವುದಿಲ್ಲ. ಇದನ್ನು ನಾವು ‘ನಿಂತ ಕಾಲ’ವೆಂದು ಕರೆಯೋಣ.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ಜನ್ನಾಪುರದಿಂದ ಸೋಗಾನೆಗೆ ಅರ್ಧ ಗಂಟೆ. ಹೊರಡುವ ಮುನ್ನ ತಪಾಸಣೆಗೆಂದು ಸುಮಾರು ಒಂದೂವರೆ ಗಂಟೆ. ಹಾರಾಟ ಒಂದು ಗಂಟೆ. ಇಳಿದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ನಗರದ ನಡುವೆ ತಲುಪಲು ಒಂದು ಗಂಟೆಗೂ ಮಿಗಿಲು. ಒಟ್ಟು ನಾಲ್ಕೂವರೆ ಗಂಟೆ ಮೀರಿತು. ವೇಗದ ರೈಲು ಹತ್ತಿದವನೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಯಶವಂತಪುರದಲ್ಲಿ ಇಳಿದಿರುತ್ತಾನೆ.

ಹಾಗಾದರೆ ವಿಮಾನವು ವ್ಯರ್ಥವೇ? ಅಲ್ಲ. ದೇವನಹಳ್ಳಿಯಿಂದಲೇ ದೆಹಲಿಯ ವಿಮಾನ ಹಿಡಿಯಬೇಕಾದವನು ನಗರವನ್ನು ಹೊಕ್ಕುವ ಅಗತ್ಯವಿಲ್ಲ. ರೈಲಿನಲ್ಲಿ ಹೋದವನಾದರೋ ಇಳಿದ ಮೇಲೆ ಮತ್ತೊಮ್ಮೆ ರಸ್ತೆಯನ್ನು ಸವೆಸಬೇಕು. 2023ರ ನವೆಂಬರಿನಲ್ಲಿ ಸೋಗಾನೆಯಿಂದ ಹೈದರಾಬಾದಿಗೂ ವಿಮಾನಸೇವೆಯು ಆರಂಭವಾಯಿತು. ನೇರ ದೂರವು ಸುಮಾರು 480 ಕಿಲೋಮೀಟರ್, ಎಂದರೆ ಮೊದಲಿನದರ ಇಮ್ಮಡಿ. ಅದೇ ವೇಗದಲ್ಲಿ ಹಾರಿದರೆ ಹೆಚ್ಚಾಗುವುದು ಅರ್ಧ ಗಂಟೆ ಮಾತ್ರ. ನಿಂತ ಕಾಲವು ಇಮ್ಮಡಿಸದು. ರೈಲಿಗೋ ಬಸ್ಸಿಗೋ ಇಂತಹ ಉಳಿತಾಯವಿಲ್ಲ.

ಗಾಳಿಯ ಮಾತೂ ಉಂಟು. ಗಂಟೆಗೆ 50 ಕಿಲೋಮೀಟರಿನ ಎದುರುಗಾಳಿ ಬೀಸಿದರೂ ಬೆಂಗಳೂರಿನ ಹಾದಿಯಲ್ಲಿ ನಷ್ಟವಾಗುವುದು ಮೂರು ನಿಮಿಷ. ಆದರೆ ಮಲೆನಾಡಿನ ಅಂಚಿನಲ್ಲಿ ಮಂಜು ಕವಿದು ಓಡುದಾರಿಯು ಕಾಣದಾದರೆ ಇಡೀ ಪ್ರಯಾಣವೇ ನಿಂತುಹೋಗಬಹುದು.

ಆದಕಾರಣ, ಬೆಂಗಳೂರಿನ ಆಸ್ಪತ್ರೆಗೆ ಗೊತ್ತಾದ ಗಳಿಗೆಗೆ ವೃದ್ಧೆಯಾದ ತಾಯಿಯನ್ನು ಕರೆದೊಯ್ಯಬೇಕಾದ ಮಗನು ಹಾರಾಟದ ಒಂದು ಗಂಟೆಯನ್ನಷ್ಟೇ ನಂಬಿ ಕೂರಬಾರದು. ಮನೆಯ ಹೊಸ್ತಿಲಿನಿಂದ ಆಸ್ಪತ್ರೆಯ ಹೊಸ್ತಿಲಿನವರೆಗೆ ಅವನು ಲೆಕ್ಕ ಹಾಕಲಿ. ವೇಗವು ಯಂತ್ರದ್ದು, ಕಾಲವಾದರೋ ನಮ್ಮದು.