ಯಾವ ಊರಿನ ಸೀಸ?

ಪಿಯುಸಿ ಲ್ಯಾಬಿನ ಗೋಡೆಯ ಆವರ್ತ ಕೋಷ್ಟಕದಲ್ಲಿ ಚಿನ್ನಕ್ಕೂ ಸೀಸಕ್ಕೂ ನಡುವೆ ಇರುವುದು ಪಾದರಸ, ಥ್ಯಾಲಿಯಂ ಎರಡೇ ಮನೆ. ಆದರೆ ಪರಮಾಣು ತೂಕದ ಪಟ್ಟಿಯಲ್ಲಿ ಚಿನ್ನಕ್ಕೆ 196.966570 ಎಂದು ದಶಮಾಂಶದಾಚೆ ಆರು ಅಂಕಿ, ಸೀಸಕ್ಕೆ 2020ರವರೆಗೆ ಇದ್ದದ್ದು 207.2, ಅಷ್ಟೇ. ಅಳೆಯುವವರಿಗೆ ಸೀಸವೆಂದರೆ ತಾತ್ಸಾರ ಅಂತೇನೂ ಅಲ್ಲ.

ನಿಸರ್ಗದ ಚಿನ್ನದಲ್ಲಿ ಇರುವುದು ಒಂದೇ ಬಗೆಯ ಪರಮಾಣು. ಅದು ಕೋಲಾರದ್ದಾಗಲಿ, ಹಟ್ಟಿಯದ್ದಾಗಲಿ, ಆಫ್ರಿಕದ್ದಾಗಲಿ, ಒಂದನ್ನು ತೂಗಿದರೆ ಎಲ್ಲವನ್ನೂ ತೂಗಿದಂತೆ. ಸೀಸದಲ್ಲಿ ನಾಲ್ಕು ಬಗೆ: 204, 206, 207, 208. ರಾಸಾಯನಿಕ ಗುಣ ಒಂದೇ, ತೂಕ ಮಾತ್ರ ಬೇರೆ. ಇವೇ ಸಮಸ್ಥಾನಿಗಳು. ಯುರೇನಿಯಂ ಕ್ಷಯಿಸುತ್ತ ಹೋಗಿ ಕೊನೆಗೆ 206 ಮತ್ತು 207 ಆಗುತ್ತದೆ, ಥೋರಿಯಂ 208 ಆಗುತ್ತದೆ. ಹಾಗಾಗಿ ಸೀಸ ಕೋಟ್ಯಂತರ ವರ್ಷ ಯಾರ ಪಕ್ಕದಲ್ಲಿ ಕೂತಿತ್ತು ಎಂಬುದರ ಮೇಲೆ ಅದರ ಬೆರಕೆ ನಿಂತಿದೆ.

ಇದನ್ನು ತಕ್ಕಡಿಯಲ್ಲೇ ಹಿಡಿದವರು ಹಾರ್ವರ್ಡ್‌ನ ಥಿಯೊಡೋರ್ ರಿಚರ್ಡ್ಸ್. ಸೀಸವನ್ನು ಶುದ್ಧ ಸೀಸದ ಕ್ಲೋರೈಡ್ ಮಾಡಿ, ತೂಗಿ, ನೀರಿನಲ್ಲಿ ಕರಗಿಸಿ, ಅದಕ್ಕೆ ಅಳೆದ ಬೆಳ್ಳಿಯ ದ್ರಾವಣ ಸುರಿಯುತ್ತಿದ್ದರು. ಕ್ಲೋರಿನ್ನೆಲ್ಲ ಬೆಳ್ಳಿಗೆ ಅಂಟಿಕೊಂಡು ಒಡೆದ ಹಾಲಿನಂತೆ ಬಿಳಿಯಾಗಿ ತಳಕ್ಕಿಳಿಯುತ್ತದೆ. ಎಷ್ಟು ಬೆಳ್ಳಿ ಬೇಕಾಯಿತು ಎಂದು ತಿಳಿದರೆ ಕ್ಲೋರಿನ್ ಎಷ್ಟಿತ್ತು ಎಂದು ತಿಳಿಯಿತು, ಉಳಿದದ್ದು ಸೀಸ. ಕಷ್ಟವಿದ್ದುದು ಕೊನೆಯ ಹನಿಯಲ್ಲಿ. ದ್ರಾವಣದಲ್ಲಿ ಉಳಿದ ಮಸುಕು ಕಣ್ಣಿಗೇ ಬೀಳದಷ್ಟು ತೆಳು. ಎರಡು ಕೊಳವೆಗಳ ಮಸುಕನ್ನು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುವ ಉಪಕರಣವನ್ನೇ ಅದಕ್ಕಾಗಿ ಅವರು ರೂಪಿಸಿಕೊಂಡಿದ್ದರು. 1914ರಲ್ಲಿ ಬಂದ ಉತ್ತರ ಇದು: ಸಾಮಾನ್ಯ ಸೀಸ 207.15, ಉತ್ತರ ಕೆರೊಲಿನಾದ ಯುರೇನಿಯಂ ಅದಿರಿನ ಸೀಸ 206.40, ಸಿಲೋನಿನ ಥೋರಿಯನೈಟ್ ಅದಿರಿನದ್ದು 206.82. ಆ ವರ್ಷದ ರಸಾಯನಶಾಸ್ತ್ರದ ನೊಬೆಲ್ ಅವರದೇ. ಪರಮಾಣು ತೂಕವೆಂಬ ಸ್ಥಿರಾಂಕವನ್ನು ನಿಖರಗೊಳಿಸಲು ಜೀವ ತೇಯ್ದ ಮನುಷ್ಯನ ಕೈಯಲ್ಲೇ ಅದು ಸ್ಥಿರವಲ್ಲವೆಂದು ತೋರಿಬಂದದ್ದು ತಮಾಷೆಯೇ ಸರಿ.

ಈಗ ತಕ್ಕಡಿಯ ಜಾಗದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇದೆ. ಕೂದಲಿನಂಥ ಲೋಹದ ಪಟ್ಟಿಗೆ ಒಂದು ಚೂರು ಸೀಸ ಸವರಿ ಕಾಯಿಸಿದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು ಹಾರುತ್ತವೆ. ಅಯಸ್ಕಾಂತ ಅವುಗಳ ದಾರಿ ಬಾಗಿಸುತ್ತದೆ. ಹಗುರಾದದ್ದು ಹೆಚ್ಚು ಬಾಗಿ, ಒಂದೊಂದು ಬಗೆಯೂ ಬೇರೆ ಬೇರೆ ಬಟ್ಟಲಿಗೆ ಬೀಳುತ್ತದೆ. ಯಂತ್ರವನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಹಗುರ ಪರಮಾಣು ಬೇಗ ಹಾರುವುದರಿಂದ ಲೆಕ್ಕ ಅದರ ಕಡೆಗೆ ವಾಲುತ್ತದೆ. ಅದಕ್ಕೇ ಬೆರಕೆ ಮೊದಲೇ ಗೊತ್ತಿರುವ ಸೀಸವನ್ನು ಓಡಿಸಿ ಯಂತ್ರದ ಪಕ್ಷಪಾತವನ್ನು ಕಳೆಯುತ್ತಾರೆ.

ಇವೆಲ್ಲವನ್ನೂ ತೂಗಿನೋಡಿ ಅಂತಿಮ ಅಂಕಿ ಕೊಡುವುದು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿಯ ಆಯೋಗ. ಅದರ ಬೇರು 1899ರಷ್ಟು ಹಳೆಯದು. 2009ರಲ್ಲಿ ಅದು ಜಲಜನಕ, ಇಂಗಾಲ, ಆಮ್ಲಜನಕ ಸೇರಿ ಹತ್ತು ಧಾತುಗಳಿಗೆ ಒಂದೇ ಅಂಕಿ ಕೊಡುವುದನ್ನು ಬಿಟ್ಟು, ಇಲ್ಲಿಂದ ಇಲ್ಲಿಯವರೆಗೆ ಎಂದು ಆವರಣದಲ್ಲಿ ಬರೆಯಲು ನಿರ್ಧರಿಸಿತು. 2020ರ ಪರಿಷ್ಕರಣೆಯಲ್ಲಿ ಸೀಸಕ್ಕೂ ಅಂಥ ಆವರಣ ಸಿಕ್ಕಿತು: [206.14, 207.94]. ಪರೀಕ್ಷೆ ಬರೆಯುವವರಿಗೆ, ವ್ಯಾಪಾರದವರಿಗೆ 207.2 ಸಾಕು.

ಸೀಸದ ತೂಕ ಬದಲಿಸಿದ್ದು ನಿಸರ್ಗ; ಲಿಥಿಯಂನ ಕಥೆಯಲ್ಲಿ ಮಾತ್ರ ಮನುಷ್ಯನ ಕೈವಾಡವಿದೆ. ಜಲಜನಕ ಬಾಂಬಿಗೆಂದು ಹಗುರವಾದ ಲಿಥಿಯಂ-6 ಅನ್ನು ಸೋಸಿ ತೆಗೆದರು. ಉಳಿದ ಭಾರದ ಲಿಥಿಯಂ ಸದ್ದಿಲ್ಲದೆ ಮಾರುಕಟ್ಟೆಗೆ ಬಂತು. ಬಾಟಲಿಯ ಚೀಟಿಯಲ್ಲಿ 6.94 ಎಂದಿದ್ದರೂ ಒಳಗಿನದು 6.99 ದಾಟಿರಬಹುದು. ಕರಾರುವಾಕ್ಕಾದ ತೂಕ ಬೇಕಿದ್ದರೆ ಕೈಯಲ್ಲಿರುವ ಆ ಲಿಥಿಯಂ ಅನ್ನೇ ಅಳೆದುಕೊಳ್ಳಿ ಎಂದು ಆಯೋಗ ತನ್ನ ಪಟ್ಟಿಯ ಅಡಿಟಿಪ್ಪಣಿಯಲ್ಲೇ ಬರೆದಿತ್ತು.