ಶತ್ರುವಿನ ನಗರಕ್ಕೊಬ್ಬ ಪ್ರವಾದಿ

ತಪಸ್ಸುಕಾಲದ ಮೊದಲನೆಯ ವಾರದ ಬುಧವಾರ ಬಲಿಪೂಜೆಯಲ್ಲಿ ಯೋನನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದುತ್ತೇವೆ. ನಿನೆವೆ ನಗರದ ಜನರು ಪ್ರವಾದಿಯ ಮಾತು ಕೇಳಿ ಉಪವಾಸ ಸಾರಿದರು. ಅರಸನು ಸಿಂಹಾಸನದಿಂದಿಳಿದು ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕುಳಿತನು. ದನಕರುಗಳಿಗೂ ಅಂದು ಮೇವು ನೀರು ಇಲ್ಲ. ದೇವರು ಮನಕರಗಿ ಅವರನ್ನು ದಂಡಿಸದೆ ಬಿಟ್ಟರು. ಅದೇ ದಿನದ ಶುಭಸಂದೇಶದಲ್ಲಿ (ಲೂಕ 11:29-32) ಯೇಸುಸ್ವಾಮಿ ತಮ್ಮ ಕಾಲದ ಜನರಿಗೆ ಈ ನಿನೆವೆಯವರನ್ನೇ ಮಾದರಿಯಾಗಿ ತೋರಿಸುತ್ತಾರೆ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಒಂದು ವಾರವಷ್ಟೇ ಆಗಿರುತ್ತದೆ. ನಾವೂ ಪಶ್ಚಾತ್ತಾಪಪಡಬೇಕು ಎಂಬ ಪಾಠ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಗುರುಗಳು ಪ್ರಬೋಧನೆಯಲ್ಲಿ ಅದನ್ನೇ ಹೇಳುತ್ತಾರೆ, ನಾವು ಕೇಳಿ ಮನೆಗೆ ಹೋಗುತ್ತೇವೆ.

ಈ ಕಥೆಯನ್ನು ಮೊದಲು ಕೇಳಿದ ಯೆಹೂದ್ಯರಿಗೆ ಮಾತ್ರ ಅದು ಅಷ್ಟು ಸುಲಭವಾಗಿರಲಿಲ್ಲ. ನಿನೆವೆ ಎಂಬ ಹೆಸರು ಕಿವಿಗೆ ಬಿದ್ದೊಡನೆ ಅವರ ಎದೆ ಉರಿಯುತ್ತಿತ್ತು. ಅದೇಕೆಂದು ತಿಳಿಯದಿದ್ದರೆ ಯೋನನ ಗ್ರಂಥ ನಮಗೆ ಮಕ್ಕಳಿಗೆ ಹೇಳುವ ಮೀನಿನ ಕಥೆಯಾಗಿಯೇ ಉಳಿದುಬಿಡುತ್ತದೆ.

ನಿನೆವೆ ಅಸ್ಸೀರಿಯ ಸಾಮ್ರಾಜ್ಯದ ರಾಜಧಾನಿ. ಕ್ರಿ.ಪೂ. 722-721ರಲ್ಲಿ ಅಸ್ಸೀರಿಯದವರು ಸಮಾರ್ಯವನ್ನು ಹಿಡಿದು, ಇಸ್ರಯೇಲಿನ ಉತ್ತರ ರಾಜ್ಯವನ್ನು ಅಳಿಸಿಹಾಕಿ, ಜನರನ್ನು ದೂರದ ನಾಡುಗಳಿಗೆ ಗಡೀಪಾರು ಮಾಡಿದರು (2 ಅರಸುಗಳು 17). ಕ್ರಿ.ಪೂ. 701ರಲ್ಲಿ ಅರಸ ಸನ್ಹೇರೀಬನು ಜುದೇಯಕ್ಕೆ ನುಗ್ಗಿ, ಕೋಟೆಕೊತ್ತಲಗಳಿದ್ದ 46 ಪಟ್ಟಣಗಳನ್ನು ಗೆದ್ದೆನೆಂದು ತನ್ನ ಶಾಸನದಲ್ಲಿ ಬರೆಸಿಕೊಂಡ. ಅವುಗಳಲ್ಲಿ ಲಾಕೀಷ್ ಪಟ್ಟಣದ ಪತನವನ್ನು ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ. ಆ ಕಲ್ಲುಗಳು ಇಂದು ಲಂಡನ್ನಿನ ಬ್ರಿಟಿಷ್ ವಸ್ತು ಸಂಗ್ರಹಾಲಯದಲ್ಲಿವೆ. ಶೂಲಕ್ಕೇರಿಸಿದ ಗಂಡಸರು, ಎತ್ತಿನ ಗಾಡಿಯ ಮೇಲೆ ಗಂಟುಮೂಟೆ ಹೇರಿಕೊಂಡು ಊರು ಬಿಡುತ್ತಿರುವ ಸಂಸಾರಗಳು, ಗಾಡಿಯ ಮೇಲೆ ಕುಳಿತ ಹೆಂಗಸರು ಮಕ್ಕಳು, ಎಲ್ಲವೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ತಾನು ಮಾಡಿದ ಕ್ರೌರ್ಯವನ್ನು ತಾನೇ ಹೆಮ್ಮೆಯಿಂದ ಮನೆಯ ಗೋಡೆಗೆ ತೂಗುಹಾಕಿದ ಅರಸನ ನಗರ ಅದು.

ಅಂಥ ಊರಿಗೆ ಹೋಗೆಂದು ದೇವರು ಯೋನನಿಗೆ ಹೇಳುತ್ತಾರೆ. ನಿನೆವೆ ಇದ್ದದ್ದು ಪೂರ್ವದಲ್ಲಿ. ಯೋನನು ಯೊಪ್ಪ ಬಂದರಿಗಿಳಿದು ಪಶ್ಚಿಮದ ತುದಿಯ ತಾರ್ಷೀಷಿಗೆ ಹಡಗು ಹತ್ತುತ್ತಾನೆ. ಆತ ಹೆದರಿ ಓಡಿದನೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಕಾರಣವನ್ನು ಅವನೇ ನಾಲ್ಕನೆಯ ಅಧ್ಯಾಯದಲ್ಲಿ ಬಾಯಿಬಿಟ್ಟು ಹೇಳಿದ್ದಾನೆ. ದೇವರು ದಯಾಮಯರು, ಬೇಗ ಕೋಪಿಸಿಕೊಳ್ಳದವರು, ಕ್ಷಮಿಸಿಬಿಡುವವರು ಎಂದು ಅವನಿಗೆ ಮೊದಲೇ ಗೊತ್ತಿತ್ತು. ಆದ್ದರಿಂದಲೇ ಓಡಿದ (ಯೋನ 4:2). ತನ್ನ ಮಾತು ವಿಫಲವಾದೀತೆಂಬ ಭಯ ಅವನಿಗಿರಲಿಲ್ಲ. ಅದು ಫಲಿಸಿಬಿಟ್ಟೀತು, ಆ ಪಾಪಿಗಳು ಬದುಕಿಬಿಟ್ಟಾರು ಎಂಬ ಸಂಕಟ ಅವನದು. ಬೇರೆ ಪ್ರವಾದಿಗಳು ಜನ ಕೇಳಲಿಲ್ಲವೆಂದು ಅತ್ತರೆ ಈತ ಜನ ಕೇಳಿದರೆಂದು ಸಾಯಲು ಬಯಸುತ್ತಾನೆ.

ಅಮಿತ್ತೈಯ ಮಗನಾದ ಯೋನ ಎಂಬ ಪ್ರವಾದಿ ಎರಡನೆಯ ಯಾರೊಬ್ಬಾಮನ ಕಾಲದಲ್ಲಿ, ಅಂದರೆ ಕ್ರಿ.ಪೂ. ಎಂಟನೆಯ ಶತಮಾನದಲ್ಲಿ, ಇದ್ದನೆಂದು 2 ಅರಸುಗಳು 14:25 ತಿಳಿಸುತ್ತದೆ. ಗ್ರಂಥ ಮಾತ್ರ ಬಾಬಿಲೋನಿನ ಸೆರೆವಾಸದ ನಂತರ ರಚಿತವಾದುದೆಂದು ಬೈಬಲ್ ಪಂಡಿತರಲ್ಲಿ ಹೆಚ್ಚಿನವರ ಅಭಿಪ್ರಾಯ. ಆ ಹೊತ್ತಿಗೆ ನಿನೆವೆ ಬರೀ ಮಣ್ಣಿನ ದಿಬ್ಬವಾಗಿತ್ತು. ಕ್ರಿ.ಪೂ. 612ರಲ್ಲಿಯೇ ಬಾಬಿಲೋನಿನವರೂ ಮೇದ್ಯರೂ ಸೇರಿ ಅದನ್ನು ನಾಶಮಾಡಿದ್ದರು. ಹಾಗಿದ್ದರೆ ಸತ್ತುಹೋದ ಶತ್ರುವಿನ ಕಥೆಯನ್ನು ಮತ್ತೆ ಹೇಳುವ ಅಗತ್ಯವೇನಿತ್ತು? ನಗರ ಹಾಳಾಗಿದ್ದರೂ ಅದರ ಮೇಲಿನ ದ್ವೇಷ ಕೇಳುವವರ ಹೃದಯದಲ್ಲಿ ಇನ್ನೂ ಹಾಳಾಗಿರಲಿಲ್ಲ ಎಂದು ನನಗೆ ತೋರುತ್ತದೆ.

ಕೊನೆಯ ದೃಶ್ಯ ನಮಗೆ ಗೊತ್ತಿರುವುದೇ. ಊರ ಹೊರಗೆ ಮುನಿಸಿಕೊಂಡು ಕುಳಿತ ಪ್ರವಾದಿಗೆ ದೇವರು ಒಂದು ಗಿಡದ ನೆರಳು ಕೊಡುತ್ತಾರೆ. ಮರುದಿನ ಹುಳು ಕಡಿದು ಅದು ಬಾಡುತ್ತದೆ. ಯೋನನಿಗೆ ಕೋಪವೋ ಕೋಪ. ಈ ಗಿಡ ಯಾವುದೆಂಬುದೇ ಒಂದು ಸ್ವಾರಸ್ಯ. ಸೋರೆ ಎನ್ನುವವರಿದ್ದಾರೆ, ಹರಳು ಎನ್ನುವವರಿದ್ದಾರೆ. ಸಂತ ಜೆರೋಮರು ತಮ್ಮ ಹೊಸ ಲತೀನ್ ಅನುವಾದದಲ್ಲಿ ಜನರಿಗೆ ರೂಢಿಯಾಗಿದ್ದ ಹೆಸರನ್ನು ಬದಲಿಸಿ ಬೇರೊಂದು ಬಳ್ಳಿಯ ಹೆಸರು ಹಾಕಿದರು. ಅದನ್ನು ಆಫ್ರಿಕದ ಓಯಾ ಪಟ್ಟಣದ ದೇವಾಲಯದಲ್ಲಿ ಓದಿದಾಗ ಗಲಭೆಯೇ ಎದ್ದು, ಅಲ್ಲಿಯ ಧರ್ಮಾಧ್ಯಕ್ಷರು ತಮ್ಮ ಜನರನ್ನೇ ಕಳೆದುಕೊಳ್ಳುವ ಸ್ಥಿತಿ ಬಂತೆಂದು ಸಂತ ಅಗಸ್ಟೀನರು 403ರಲ್ಲಿ ಜೆರೋಮರಿಗೆ ಪತ್ರ ಬರೆದರು. ಗಿಡಕ್ಕಾಗಿ ಮರುಗಿ ನಗರವನ್ನು ಮರೆತ ಯೋನನ ಕಥೆ ಓದುತ್ತಲೇ ಜನ ಗಿಡಕ್ಕಾಗಿ ಜಗಳವಾಡಿದರು! ಊರಹಬ್ಬದ ಮೆರವಣಿಗೆ ಯಾವ ಬೀದಿಯಿಂದ ಹೋಗಬೇಕೆಂದು ವಾದಿಸುವ ನಾವು ಅವರನ್ನು ನೋಡಿ ನಗುವಂತಿಲ್ಲ.

ಗ್ರಂಥದ ಕಡೆಯ ವಚನ ದೇವರ ಪ್ರಶ್ನೆ. ನೀನು ನೆಡದ, ಬೆಳೆಸದ ಗಿಡಕ್ಕಾಗಿ ನಿನಗೆ ಇಷ್ಟು ಮರುಕವಿದ್ದರೆ, ಎಡಬಲ ತಿಳಿಯದ ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರೂ ಅಷ್ಟೊಂದು ದನಕರುಗಳೂ ಇರುವ ನಗರಕ್ಕಾಗಿ ನಾನು ಮರುಗಬಾರದೇ ಎಂಬುದು ಅದರ ತಾತ್ಪರ್ಯ.

ಇಲ್ಲಿಗೇ ನಿಲ್ಲಿಸಿದರೆ ಬೈಬಲ್ ಹೇಳುವುದರಲ್ಲಿ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ನಿನೆವೆಯ ಕುರಿತೇ ಇನ್ನೊಂದು ಪ್ರವಾದಿ ಗ್ರಂಥವಿದೆ: ನಹೂಮ. ಭಾನುವಾರದ ವಾಚನಗಳಲ್ಲಿ ಅದು ಬರುವುದೇ ಇಲ್ಲವಾದ್ದರಿಂದ ನಮ್ಮಲ್ಲಿ ಅನೇಕರು ಅದನ್ನು ತೆರೆದೂ ನೋಡಿರುವುದಿಲ್ಲ. ಮೂರೇ ಅಧ್ಯಾಯಗಳು. ರಕ್ತ ಹರಿಸಿದ ನಗರ ಬೀಳುವುದನ್ನು ಕಂಡು ತುಳಿತಕ್ಕೊಳಗಾದವರು ಬಿಡುವ ನಿಟ್ಟುಸಿರು ಅದರಲ್ಲಿದೆ, ಹರ್ಷವೂ ಇದೆ. ಆಶ್ಚರ್ಯವೆಂದರೆ, ಸರ್ವೇಶ್ವರನು ಮೋಶೆಗೆ ತನ್ನ ಗುಣವನ್ನು ಪ್ರಕಟಿಸಿದ ವಚನಗಳನ್ನೇ (ವಿಮೋಚನಕಾಂಡ 34:6-7) ಎರಡು ಗ್ರಂಥಗಳೂ ಆಧಾರವಾಗಿಟ್ಟುಕೊಂಡಿವೆ. ಕರುಣೆಯ ಭಾಗ ಯೋನನ ಬಾಯಲ್ಲಿ. ಅಪರಾಧಿಯನ್ನು ಸುಮ್ಮನೆ ಬಿಡುವುದಿಲ್ಲವೆಂಬ ಭಾಗ ನಹೂಮನ ಬಾಯಲ್ಲಿ. ನಹೂಮನ ಗ್ರಂಥ ಮುಗಿಯುವುದೂ ಪ್ರಶ್ನೆಯಿಂದಲೇ: ನಿನ್ನ ಕ್ರೌರ್ಯ ತಟ್ಟದವರು ಯಾರಾದರೂ ಇದ್ದಾರೆಯೇ ಎಂದು ಅದು ನಿನೆವೆಯನ್ನು ಕೇಳುತ್ತದೆ.

ಇವೆರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬಹುದಿತ್ತು. ಬೈಬಲ್ ಹಾಗೆ ಮಾಡಲಿಲ್ಲ. ನೊಂದವರ ಬಾಯಿ ಮುಚ್ಚಿಸಿ ತಂದ ಶಾಂತಿ ಅದಕ್ಕೆ ಬೇಡ. ನೋವನ್ನೇ ಬಂಡವಾಳ ಮಾಡಿಕೊಂಡ ಹಗೆಯೂ ಬೇಡ.

ಇದನ್ನು ಪುಸ್ತಕದ ಮಾತೆಂದು ತಳ್ಳಿಹಾಕುವಂತಿಲ್ಲ. ನಿನೆವೆಯ ಅವಶೇಷಗಳು ಇಂದಿಗೂ ಇರಾಕಿನಲ್ಲಿ, ಟೈಗ್ರಿಸ್ ನದಿಯ ಪೂರ್ವದಂಡೆಯಲ್ಲಿ, ಮೋಸುಲ್ ನಗರದೊಳಗೇ ಇವೆ. ಅಲ್ಲಿಯ ಒಂದು ದಿಬ್ಬಕ್ಕೆ ನೆಬಿ ಯೂನುಸ್ ಎಂದು ಹೆಸರು, ಅಂದರೆ ಪ್ರವಾದಿ ಯೋನ. ಒಂದು ಕಾಲದಲ್ಲಿ ಅಲ್ಲಿ ಕ್ರೈಸ್ತ ಮಠವಿತ್ತು, ಮುಂದೆ ಮಸೀದಿಯಾಯಿತು, ಯೋನನ ಸಮಾಧಿಯೆಂದು ಜನ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದರು. ಮುಸ್ಲಿಮರಿಗೂ ಯೋನ ಪೂಜ್ಯ ಪ್ರವಾದಿ. ಖುರಾನಿನ ಹತ್ತನೆಯ ಅಧ್ಯಾಯಕ್ಕೆ ಅವನದೇ ಹೆಸರು. ಯೆಹೂದ್ಯರು ತಮ್ಮ ಮಹಾ ಪ್ರಾಯಶ್ಚಿತ್ತ ದಿನದ ಮಧ್ಯಾಹ್ನ ಇಡೀ ಯೋನನ ಗ್ರಂಥವನ್ನು ಓದುತ್ತಾರೆ.

ಈ ನಾಡಿನ ಕ್ರೈಸ್ತರು ನಮ್ಮ ಕಾಲದಲ್ಲಿ ಕಂಡದ್ದೇನು? 2007ರ ಜೂನ್ 3ರ ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದ ಯುವ ಗುರು ರಗೀದ್ ಗನ್ನಿಯವರನ್ನು ಮೂವರು ಉಪಸೇವಕರೊಂದಿಗೆ ಮೋಸುಲಿನಲ್ಲಿ ಗುಂಡಿಕ್ಕಿ ಕೊಂದರು. 2008ರ ಫೆಬ್ರವರಿ 29ರಂದು ಶಿಲುಬೆ ಹಾದಿ ಮುಗಿಸಿ ಹೊರಟ ಖಲ್ದೀಯ ಮಹಾಧರ್ಮಾಧ್ಯಕ್ಷ ಪೌಲೋಸ್ ಫರಜ್ ರಹ್ಹೋರವರನ್ನು ಅಪಹರಿಸಿದರು. ಮಾರ್ಚ್ 13ರಂದು ಅವರ ಶವ ಸಿಕ್ಕಿತು. 2014ರ ಜೂನ್‌ನಲ್ಲಿ ಐಸಿಸ್ ಉಗ್ರರು ಮೋಸುಲನ್ನು ಹಿಡಿದರು. ಮತಾಂತರವಾಗಿ, ಇಲ್ಲವೇ ತಲೆಗಂದಾಯ ಕೊಡಿ, ಇಲ್ಲವೇ ಊರು ಬಿಡಿ, ತಪ್ಪಿದರೆ ಕತ್ತಿ ಎಂದು ಜುಲೈ ತಿಂಗಳಲ್ಲಿ ಕ್ರೈಸ್ತರಿಗೆ ಗಡುವು ವಿಧಿಸಿದರು. ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಅರಬ್ಬೀ ಲಿಪಿಯ ‘ನೂನ್’ ಅಕ್ಷರ ಬರೆದರು. ನಸ್ರಾನಿ, ಎಂದರೆ ನಜರೇತಿನವನನ್ನು ಹಿಂಬಾಲಿಸುವವರು, ಎಂಬ ಪದದ ಮೊದಲಕ್ಷರ ಅದು. ಖುರಾನಿನಲ್ಲಿ ಯೋನನಿಗಿರುವ ಬಿರುದಿನಲ್ಲೂ ‘ನೂನ್’ ಇದೆ. ಅಲ್ಲಿ ಅದರ ಅರ್ಥ ಮೀನು. ಬರೆದವರಿಗೆ ಅದು ಹೊಳೆಯಿತೋ ಇಲ್ಲವೋ. ಜುಲೈ 24ರಂದು ಯೋನನ ಸಮಾಧಿಯನ್ನೇ ಸಿಡಿಮದ್ದಿಟ್ಟು ಉಡಾಯಿಸಿದರು. ಆಗಸ್ಟ್ 6ರ ರಾತ್ರಿ ಕರಾಕೋಷ್ ಮತ್ತು ಸುತ್ತಲಿನ ಊರುಗಳ ಕ್ರೈಸ್ತರು ಉಟ್ಟ ಬಟ್ಟೆಯಲ್ಲೇ ಎರ್ಬಿಲ್ ಕಡೆಗೆ ಹೊರಟರು; ಒಟ್ಟು ಲಕ್ಷಕ್ಕೂ ಹೆಚ್ಚು ಮಂದಿ ನಿರ್ವಸಿತರಾದರು. ಲಾಕೀಷಿನ ಕಲ್ಲುಗಳಲ್ಲಿದ್ದ ಸಂಸಾರಗಳೇ ಮತ್ತೆ ರಸ್ತೆಗಿಳಿದಂತೆ. ಅದೇ ತಿಂಗಳು ಯಜೀದಿಗಳ ಮಾರಣಹೋಮ ನಡೆಯಿತು. ಉಗ್ರರ ಮಾತಿಗೆ ಮಣಿಯದ ಮುಸ್ಲಿಮರೂ ಸತ್ತರು. 2017ರಲ್ಲಿ ಸೋತು ಹಿಮ್ಮೆಟ್ಟುವಾಗ ಐಸಿಸ್‌ನವರು ಮೋಸುಲಿನ ಪುರಾತನ ನೂರಿ ಮಸೀದಿಯನ್ನೂ ಉಡಾಯಿಸಿದರು.

ಉಗ್ರರು ಸಮಾಧಿಯ ಅಡಿಯಲ್ಲಿ ಪ್ರಾಚೀನ ವಸ್ತುಗಳ ಕಳ್ಳತನಕ್ಕಾಗಿ ಸುರಂಗಗಳನ್ನು ತೋಡಿದ್ದರು. ಅವರು ಹೋದ ಮೇಲೆ ಒಳಹೊಕ್ಕ ಪುರಾತತ್ವ ತಜ್ಞರಿಗೆ ಅಲ್ಲಿ ಸನ್ಹೇರೀಬನ ಮಗ ಏಸರ್‌ಹದ್ದೋನನ ಅರಮನೆಯ ಕುರುಹುಗಳು ಸಿಕ್ಕವು. ಶತ್ರುರಾಜನ ಅರಮನೆಯ ಮೇಲೆಯೇ ಇಷ್ಟು ಶತಮಾನ ಯೋನನ ಸ್ಮರಣೆ ನಡೆದಿತ್ತು!

ಈಗ ಮುಖ್ಯ ವಿಷಯಕ್ಕೆ ಬರೋಣ. ಹೀಗೆ ಓಡಿಸಲ್ಪಟ್ಟ ಸಿರಿಯನ್ ಪರಂಪರೆಯ ಕ್ರೈಸ್ತರೇ ಪ್ರತಿವರ್ಷ ತಪಸ್ಸುಕಾಲಕ್ಕೆ ಮೂರು ವಾರ ಮುಂಚೆ, ಸೋಮವಾರದಿಂದ ಬುಧವಾರದವರೆಗೆ, ‘ನಿನೆವೆಯ ಉಪವಾಸ’ ಆಚರಿಸುತ್ತಾರೆ. ಆ ಉಪವಾಸ ನಮ್ಮಿಂದ ದೂರವೇನಿಲ್ಲ. ಕೇರಳದ ಸಿರಿಯನ್ ಕ್ರೈಸ್ತರು ಅದನ್ನು ‘ಮೂನ್ನು ನೋಂಬ್’ ಎನ್ನುತ್ತಾರೆ. ಕುರವಿಲಂಗಾಡಿನ ಮರಿಯಮ್ಮನವರ ದೇವಾಲಯದಲ್ಲಿ ಆ ದಿನಗಳಲ್ಲಿ ಯೋನನ ಹಡಗಿನ ಪ್ರತಿಕೃತಿಯನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ನಮ್ಮ ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಸಿರೋ ಮಲಬಾರ್ ಧರ್ಮಕ್ಷೇತ್ರಗಳ ಕುಟುಂಬಗಳೂ ಅದೇ ಪರಂಪರೆಗೆ ಸೇರಿದವು. ಅಂದರೆ, ತಮ್ಮ ಪೂರ್ವಜರು ಪಶ್ಚಾತ್ತಾಪಪಟ್ಟ ನಿನೆವೆಯವರು ಎಂದು ನಂಬಿ ಉಪವಾಸ ಮಾಡುವ ಜನ ಅದೇ ನಿನೆವೆಯಿಂದ ಹೊರದೂಡಲ್ಪಟ್ಟರು. ನಹೂಮನ ಪ್ರಶ್ನೆ ಕೇಳುವ ಪೂರ್ಣ ಹಕ್ಕು ಅವರಿಗಿದೆ. ಆದರೂ ಅವರ ಪೂಜಾವಿಧಿ ಯೋನನ ಪ್ರಶ್ನೆಯನ್ನೇ ಅವರ ಕೈಗಿಡುತ್ತದೆ.

2021ರ ಮಾರ್ಚ್ 7ರಂದು ಜಗದ್ಗುರು ಫ್ರಾನ್ಸಿಸ್ ಮೋಸುಲಿನಲ್ಲಿ ನಾಲ್ಕು ಪಾಳುಬಿದ್ದ ದೇವಾಲಯಗಳ ನಡುವಿನ ಚೌಕದಲ್ಲಿ ನಿಂತು ಯುದ್ಧದಲ್ಲಿ ಮಡಿದವರಿಗಾಗಿ ಪ್ರಾರ್ಥಿಸಿದರು. ಅಂದೇ ಕರಾಕೋಷಿನಲ್ಲಿ, ಉಗ್ರರು ಸುಟ್ಟಿದ್ದ ದೇವಾಲಯದಲ್ಲಿ, 2014ರ ಶೆಲ್ ದಾಳಿಗೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಎಲ್ಲರೆದುರು ನಡೆದದ್ದನ್ನು ನಡೆದಂತೆ ಹೇಳಿ, ಕೊಂದವರನ್ನು ಕ್ಷಮಿಸುತ್ತೇನೆ ಎಂದರು. ಆ ಮಾತು ತಮ್ಮ ಹೃದಯವನ್ನು ತಟ್ಟಿತೆಂದು ಜಗದ್ಗುರುಗಳು ಹಿಂದಿರುಗುವಾಗ ವಿಮಾನದಲ್ಲಿ ಪತ್ರಕರ್ತರಿಗೆ ತಿಳಿಸಿದರು. ಆ ತಾಯಿ ಮಗನ ಸಾವನ್ನು ಮುಚ್ಚಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ಮೊದಲು ಸತ್ಯ ಹೇಳಿದರು, ಆಮೇಲೆ ಕ್ಷಮಿಸಿದರು.

ನಮ್ಮ ನಾಡಿನಲ್ಲೂ ಇಂಥ ನೆನಪೊಂದಿದೆ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಹಿಡಿದದ್ದು ವಿಭೂತಿ ಬುಧವಾರದಂದು ಎಂದು ಪರಂಪರೆ ಹೇಳುತ್ತದೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು, ದೇವಾಲಯಗಳು ನೆಲಸಮವಾದವು. ಬದುಕುಳಿದವರು 1799ರ ನಂತರ ಹಿಂದಿರುಗಿದರು. ಸೆರೆಯಾದವರ ಸಂಖ್ಯೆಯ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. ನೋವಿನ ಬಗ್ಗೆ ಸಂಶಯವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ನೆನಪನ್ನು ಎರಡು ಕಡೆಯವರು ನಮ್ಮಿಂದ ಕೇಳುತ್ತಿದ್ದಾರೆ. ಅದನ್ನು ಮರೆತುಬಿಡಿ, ಹಳೆಯದನ್ನು ಕೆದಕಬೇಡಿ ಎನ್ನುವವರು ಒಂದು ಕಡೆ. ಅದನ್ನು ನಮಗೆ ಕೊಡಿ, ನಿಮ್ಮ ಪರವಾಗಿ ನಾವು ಲೆಕ್ಕ ತೀರಿಸುತ್ತೇವೆ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರಿಗೆ ನಹೂಮನ ಮೂರು ಅಧ್ಯಾಯಗಳನ್ನು ತೋರಿಸಬಹುದು. ಎರಡನೆಯವರ ಮಾತು ಹೆಚ್ಚು ಹಿತವಾಗಿರುವುದರಿಂದ ಹೆಚ್ಚು ಅಪಾಯಕಾರಿ. ಬೆಳಿಗ್ಗೆ ಮನೆಬಾಗಿಲಿಗೆ ಮೀನು ತರುವ ಬ್ಯಾರಿ ನೆರೆಯವನು 1784ಕ್ಕೆ ಉತ್ತರ ಕೊಡಬೇಕಾದವನಲ್ಲ. ಅವನ ಮಕ್ಕಳಂತೂ ಎಡಬಲ ತಿಳಿಯದವರೇ.

ಮೋಸುಲಿನಲ್ಲಿ ನೂರಿ ಮಸೀದಿಯನ್ನೂ ಹಳೆಯ ಊರಿನ ಎರಡು ದೇವಾಲಯಗಳನ್ನೂ ಒಂದೇ ಯೋಜನೆಯಡಿ ಕಟ್ಟಿ ನಿಲ್ಲಿಸುವ ಕೆಲಸವನ್ನು ಯುನೆಸ್ಕೋ 2018ರಲ್ಲಿ ಕೈಗೆತ್ತಿಕೊಂಡು 2025ರಲ್ಲಿ ಮುಗಿಸಿತು. ಕರಾಕೋಷಿಗೆ ಅನೇಕ ಕುಟುಂಬಗಳು ಮರಳಿವೆ. ಮರಳದೆ ಪರದೇಶಗಳಲ್ಲೇ ನೆಲೆಸಿದವರೂ ಬಹಳ ಮಂದಿ. ಅವರನ್ನು ದೂರುವಂತಿಲ್ಲ.

ಈ ತಪಸ್ಸುಕಾಲದಲ್ಲಿ ಒಂದು ಸಂಜೆ ಜಪಸರವಾದ ಮೇಲೆ ಮನೆಮಂದಿಯೆಲ್ಲ ಕುಳಿತು ನಹೂಮನನ್ನು ಓದಿರಿ, ಮರುದಿನ ಯೋನನನ್ನು. ಯೋನನದು 48 ವಚನಗಳು ಮಾತ್ರ, ಕಾಲು ಗಂಟೆ ಸಾಕು. ಕೊನೆಯಲ್ಲಿ ದೇವರು ಕೇಳಿದ್ದಕ್ಕೆ ಯೋನ ಏನೆಂದನೆಂದು ಮಕ್ಕಳು ಕೇಳಬಹುದು. ಗ್ರಂಥದಲ್ಲಿ ಅದಕ್ಕೆ ಉತ್ತರ ಬರೆದಿಲ್ಲ.